ಸೇವೆ ಮಾಡಲಾಗದವರು ಎಲ್ಲಿ ಕೂರಬೇಕು?

2025 ಜುಲೈ 25, ಶುಕ್ರವಾರ, ರಾತ್ರಿ

ಇವತ್ತು ಸಂತ ಯಕೋಬರ ಹಬ್ಬ. ಬೆಳಗಿನ ಪೂಜೆಯಲ್ಲಿ ಬೈಬಲಿನ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ ಓದಿದರು. ಜೆಬೆದಾಯನ ಹೆಂಡತಿ ತನ್ನ ಇಬ್ಬರು ಗಂಡುಮಕ್ಕಳಾದ ಯಕೋಬ, ಯೊವಾನ್ನರನ್ನು ಕರೆದುಕೊಂಡು ಯೇಸುವಿನ ಹತ್ತಿರ ಬರುತ್ತಾಳಲ್ಲ, ಅದೇ ಭಾಗ. ನಿಮ್ಮ ರಾಜ್ಯದಲ್ಲಿ ಒಬ್ಬ ನಿಮ್ಮ ಬಲಗಡೆ, ಇನ್ನೊಬ್ಬ ಎಡಗಡೆ ಕೂರಲಿ ಅಂತ ಕೇಳುತ್ತಾಳೆ. ಉಳಿದ ಹತ್ತು ಮಂದಿ ಶಿಷ್ಯರಿಗೆ ಸಿಟ್ಟು ಬರುತ್ತದೆ. ಆಗ ಯೇಸು ಹೇಳುವ ಮಾತು ಎಲ್ಲರಿಗೂ ಬಾಯಿಪಾಠ: ನಿಮ್ಮಲ್ಲಿ ದೊಡ್ಡವನಾಗಬೇಕು ಅನ್ನುವವನು ನಿಮ್ಮ ಸೇವಕನಾಗಲಿ.

ಬೆಳಗ್ಗೆ ಕೇಳಿ ಎದ್ದು ಬಂದೆ. ಸಂಜೆ ದೊಡ್ಡಮ್ಮ ಕೇಳಿದ ಮೇಲೆ ಆ ಮಾತು ತಲೆಯಿಂದ ಹೋಗುತ್ತಿಲ್ಲ.

ಸೊಂಟದ ಮೂಳೆ ಮುರಿದ ಮೇಲೆ ಅವರಿಗೆ ಬಗ್ಗಲು ಆಗುವುದಿಲ್ಲ. ಕಾಲಿನ ಹೆಬ್ಬೆರಳಿನ ಉಗುರು ದಪ್ಪಗಾಗಿ, ಒಂದು ಬದಿ ಮಾಂಸಕ್ಕೆ ಚುಚ್ಚುತ್ತಿತ್ತು. ಸ್ವಲ್ಪ ಹೊತ್ತು ನೆನೆದರೆ ಕತ್ತರಿಸಲು ಸುಲಭ ಅಂತ ಬಿಸಿನೀರಿನ ಟಬ್ಬು ತಂದಿಟ್ಟೆ. ಅವರು ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

"ಬೇಡ ಮಗಳೇ. ನನ್ನ ಕಾಲು ನೀನು ತೊಳೆಯೋದಾ?"

"ನೀವು ಎಷ್ಟು ಜನರ ಕಾಲು ತೊಳೆದಿಲ್ಲ ದೊಡ್ಡಮ್ಮ?"

"ಅದು ಬೇರೆ. ಅದು ನನ್ನ ಕೆಲಸ."

ನಿಜ, ಅವರದು ನರ್ಸ್ ಕೆಲಸ. ಕೀವು ತುಂಬಿದ ಹುಣ್ಣಿಗೂ ಮೂಗು ಮುಚ್ಚಿಕೊಂಡವರಲ್ಲ. ರಿಟೈರ್ ಆದ ಮೇಲೂ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ತಿಳಿದರೆ ಸಾಕು, ಹೋಗಿ ಮೈ ಒರೆಸಿ, ಬೆಡ್‌ಶೀಟ್ ಬದಲಿಸಿ ಬರುತ್ತಿದ್ದರು. ಕೃತಜ್ಞತೆ ಹೇಳಲು ಯಾರಾದರೂ ಬಾಯಿ ತೆಗೆಯುವಷ್ಟರಲ್ಲಿ ಚಪ್ಪಲಿ ಹಾಕಿಕೊಂಡಾಗಿರುತ್ತಿತ್ತು.

"ಬೆಳಗ್ಗೆ ಫೋನಲ್ಲಿ ಪೂಜೆ ನೋಡಿದೆ" ಅಂದರು. "ದೊಡ್ಡವನಾಗಬೇಕಾದರೆ ಸೇವಕನಾಗು ಅಂತಾರೆ. ಸರಿ. ಸೇವೆ ಮಾಡೋಕೇ ಆಗದವರು ಏನು ಮಾಡಬೇಕು? ಶಿಷ್ಯ ಪೇತ್ರನ ಅತ್ತೆ, ಯೇಸು ಮುಟ್ಟಿ ಜ್ವರ ಬಿಟ್ಟ ಕೂಡಲೇ, ಎದ್ದು ಎಲ್ಲರನ್ನೂ ಉಪಚರಿಸಿದಳು. ನನಗೆ ಅದೂ ಇಲ್ಲ. ನನ್ನಿಂದ ಈಗ ಯಾರಿಗೆ ಏನು ಉಪಯೋಗ ಹೇಳು."

ನೀವು ಪ್ರಾರ್ಥನೆ ಮಾಡ್ತೀರಲ್ಲ ಅನ್ನಬಹುದಿತ್ತು. ನೋಡಲು ಬಂದವರೆಲ್ಲ ಅದನ್ನೇ ಹೇಳಿ ಹೋಗುತ್ತಾರೆ. ನಾನು ಹೇಳಲಿಲ್ಲ. ಯೇಸು ಶಿಷ್ಯರ ಕಾಲು ತೊಳೆಯಲು ಬಂದಾಗ ಪೇತ್ರನೂ ಕಾಲು ಎಳೆದುಕೊಂಡಿದ್ದನಲ್ಲ ಅಂದೆ. ನಾನು ನಿನ್ನನ್ನು ತೊಳೆಯದೆ ಹೋದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಅಂತ ಯೇಸು ಹೇಳಿದ್ದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

"ಬೈಬಲ್ ತೋರಿಸಿ ನನ್ನ ಬಾಯಿ ಮುಚ್ಚಿಸ್ತೀಯಾ" ಅಂತ ನಕ್ಕರು. ಕಾಲು ನೀರಿಗೆ ಇಟ್ಟರು. ಹಿಮ್ಮಡಿಯ ಬಿರುಕಿಗೆ ಬಿಸಿ ತಗಲಿದಾಗ ಒಮ್ಮೆ ಉಸಿರು ಎಳೆದುಕೊಂಡರು ಅಷ್ಟೇ. ಆದರೆ ನಾನು ಕೊಟ್ಟದ್ದು ಉತ್ತರ ಅಲ್ಲ. ಅವರ ಪ್ರಶ್ನೆ ಹಾಗೇ ಉಳಿದಿದೆ.

ಈಗ ಕೂತು ಯೋಚಿಸಿದರೆ ಒಂದು ವಿಷಯ ಕಾಣುತ್ತದೆ. ಸೇವಕನಾಗು ಅಂತ ಯೇಸು ಹೇಳಿದ್ದು ಯಾರಿಗೆ? ಕುರ್ಚಿ ಕೇಳಿಕೊಂಡು ಬಂದವರಿಗೆ, ಮತ್ತು ಅದಕ್ಕೆ ಸಿಟ್ಟಾದವರಿಗೆ. ಅವರೆಲ್ಲ ಕೈಕಾಲು ಗಟ್ಟಿ ಇದ್ದ ಗಂಡಸರು. ಹಾಸಿಗೆ ಹಿಡಿದ ಯಾರಿಗೂ ಯೇಸು ಮೊದಲು ಎದ್ದು ಸೇವೆ ಮಾಡು, ಆಮೇಲೆ ನೋಡೋಣ ಅನ್ನಲಿಲ್ಲ. ಪೇತ್ರನ ಅತ್ತೆಯ ವಿಷಯದಲ್ಲೂ ಕೈ ಹಿಡಿದು ಎಬ್ಬಿಸಿದ್ದು ಮೊದಲು, ಉಪಚಾರ ಆಮೇಲೆ. ಇದನ್ನು ದೊಡ್ಡಮ್ಮನಿಗೆ ಆಗಲೇ ಹೇಳಬೇಕಿತ್ತು, ಹೊಳೆಯಲಿಲ್ಲ.

ಕುರ್ಚಿ ಕೇಳಿದ ಆ ತಾಯಿಯನ್ನು ಪ್ರಸಂಗಗಳಲ್ಲಿ ಬೈಯುವವರೇ ಜಾಸ್ತಿ. ಮಕ್ಕಳಿಗಾಗಿ ಶಿಫಾರಸು ಮಾಡಿದಳು ಅಂತ. ಆದರೆ ಮತ್ತಾಯ ಅವಳನ್ನು ಅಲ್ಲಿಗೇ ಬಿಡುವುದಿಲ್ಲ. 27ನೇ ಅಧ್ಯಾಯದಲ್ಲಿ, ಶಿಲುಬೆಯನ್ನು ದೂರದಿಂದ ನೋಡುತ್ತಾ ನಿಂತ ಹೆಂಗಸರಲ್ಲಿ ಜೆಬೆದಾಯನ ಮಕ್ಕಳ ತಾಯಿಯೂ ಇದ್ದಾಳೆ. ಆಗ ಯೇಸುವಿನ ಬಲಗಡೆ ಒಬ್ಬ ಕಳ್ಳ, ಎಡಗಡೆ ಒಬ್ಬ ಕಳ್ಳ. ಅವಳು ಮಕ್ಕಳಿಗೆ ಕೇಳಿದ್ದು ಇದೇ ಜಾಗ. ಅದನ್ನು ನೋಡಿಯೂ ಓಡಿಹೋಗಲಿಲ್ಲ. ಆ ಹೆಂಗಸರು ಗಲಿಲೇಯದಿಂದ ಯೇಸುವಿನ ಸೇವೆ ಮಾಡುತ್ತಾ ಹಿಂಬಾಲಿಸಿ ಬಂದವರು ಅಂತ ಮತ್ತಾಯ ಬರೆಯುತ್ತಾನೆ. ಅಷ್ಟು ದೂರ ಸೇವೆ ಮಾಡಿಕೊಂಡು ಬಂದವರಿಗೆ ಅಲ್ಲಿ ಮಾಡಲು ಏನೂ ಇರಲಿಲ್ಲ. ಒಂದು ತೊಟ್ಟು ನೀರು ಕೊಡಲೂ ಆಗದಷ್ಟು ದೂರ. ನಿಂತಿದ್ದರು, ಅಷ್ಟೇ. ಶುಭಸಂದೇಶ ಅವರನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ.

ತಲೆನೋವು ಶುರುವಾಗಿದೆ. ಮಲಗಬೇಕು. ಇನ್ನೊಂದಿಷ್ಟು ಬರೆದು ಮಲಗುತ್ತೇನೆ.

ನಮ್ಮಲ್ಲಿ ಸೇವೆ ಅಂದಾಗಲೆಲ್ಲ ಕೊಡುವುದರ ಬಗ್ಗೆಯೇ ಮಾತು. ಕೊಡುವ ಕೈ ಯಾವಾಗಲೂ ಮೇಲಿರುತ್ತದೆ, ತೆಗೆದುಕೊಳ್ಳುವ ಕೈ ಕೆಳಗೆ. ಹಾಗಾಗಿ ಜೀವನಪೂರ್ತಿ ಸೇವೆ ಮಾಡಿಯೂ ಒಬ್ಬ ಮನುಷ್ಯ ಒಮ್ಮೆಯೂ ಕೆಳಗಿಳಿಯದೆ ಇರಬಹುದು. ದೊಡ್ಡಮ್ಮನ ಬಗ್ಗೆ ಹೇಳುತ್ತಿಲ್ಲ, ನಮ್ಮೆಲ್ಲರ ಬಗ್ಗೆ. ಯೇಸು ತಾವೂ ಸೇವೆ ಪಡೆದವರು. ಯೊವಾನ್ನನ 13ನೇ ಅಧ್ಯಾಯದಲ್ಲಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾರೆ. ಅದರ ಹಿಂದಿನ ಅಧ್ಯಾಯದಲ್ಲೇ ಬೆಥಾನಿಯದ ಮರಿಯ ಅವರ ಪಾದಕ್ಕೆ ಸುಗಂಧ ತೈಲ ಹಚ್ಚಿ ತನ್ನ ಕೂದಲಿನಿಂದ ಒರೆಸುತ್ತಾಳೆ. ಮುನ್ನೂರು ದೆನಾರಿಯಕ್ಕೆ, ಅಂದರೆ ಮುನ್ನೂರು ಬೆಳ್ಳಿ ನಾಣ್ಯಕ್ಕೆ, ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಅಂತ ಶಿಷ್ಯ ಯೂದ ಕೇಳಿದರೂ ಯೇಸು ಕಾಲು ಎಳೆದುಕೊಳ್ಳಲಿಲ್ಲ. ಅವಳನ್ನು ಬಿಡು ಅಂದರು.

ಪೋಪ್ ಫ್ರಾನ್ಸಿಸ್ ನೆನಪಾಗುತ್ತಾರೆ. 2013ರಲ್ಲಿ ಪೋಪ್ ಆದ ಹೊಸದರಲ್ಲೇ ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನೆನೆಯುವ ಪವಿತ್ರ ಗುರುವಾರ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ 12 ಮಂದಿಯ ಕಾಲು ತೊಳೆದಿದ್ದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ಈ ವರ್ಷದ ಪವಿತ್ರ ಗುರುವಾರ, ಏಪ್ರಿಲ್ 17ರಂದು, ವೀಲ್‌ಚೇರಿನಲ್ಲೇ ರೋಮಿನ ರೆಜಿನಾ ಚೇಲಿ ಜೈಲಿಗೆ ಹೋದರು. ಕಾಯಿಲೆಯಿಂದ ಆಗಷ್ಟೇ ಸುಧಾರಿಸಿಕೊಳ್ಳುತ್ತಿದ್ದರು. ಈ ಸಲ ಕಾಲು ತೊಳೆಯಲು ನನ್ನಿಂದ ಆಗದು, ಆದರೆ ನಿಮ್ಮ ಹತ್ತಿರ ಇರಬಲ್ಲೆ, ಇರಬೇಕು ಅನ್ನುವ ಆಸೆ ನನಗಿದೆ ಅನ್ನುವ ಅರ್ಥದ ಮಾತು ಹೇಳಿದರು. ಏಪ್ರಿಲ್ 21ಕ್ಕೆ ತೀರಿಕೊಂಡರು. ಆಗದು ಅಂತ ಕೈದಿಗಳ ಮುಂದೆ ಹೇಳಿದ್ದೂ ಅವರ ಸೇವೆಯೇ ಅಂತ ನನಗೆ ಅನಿಸುತ್ತದೆ. ಹಿಂದೆ ಬಗ್ಗಿ ಕಾಲು ತೊಳೆದದ್ದಕ್ಕಿಂತ ಇದು ಕಡಿಮೆ ಅಂತ ನಾನು ಒಪ್ಪುವುದಿಲ್ಲ.

ಆದರೂ ಇದನ್ನೆಲ್ಲ ನೋವಿನಲ್ಲಿರುವವರ ತಲೆದಿಂಬಿನ ಪಕ್ಕ ಕೂತು ಉಪದೇಶ ಮಾಡಬಾರದು. ಓಡಾಡುವವರು ಮಲಗಿದವರಿಗೆ ದೀನತೆಯ ಪಾಠ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಪಾಠ ಕಲಿಯಬೇಕಾದವರು ಟಬ್ಬಿನ ಈ ಕಡೆ ಕೂತವರು.

ಸಂತ ಬೆನೆಡಿಕ್ಟರಿಗೆ ಇದು ಗೊತ್ತಿತ್ತು. ಆರನೇ ಶತಮಾನದಲ್ಲಿ ಸನ್ಯಾಸಿಗಳಿಗೆ ಅವರು ಬರೆದ ನಿಯಮದಲ್ಲಿ 35ನೇ ಅಧ್ಯಾಯ ಅಡಿಗೆಮನೆಯ ಸರದಿ. ಕಾಯಿಲೆ ಅಥವಾ ತುಂಬಾ ಮುಖ್ಯ ಕೆಲಸ ಇದ್ದರೆ ಬಿಟ್ಟು ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ವಾರ ಮುಗಿಸುವವನು ಶನಿವಾರ ಟವೆಲ್ಲುಗಳನ್ನು ಒಗೆಯಬೇಕು. ಅವನೂ, ಮುಂದಿನ ವಾರದವನೂ ಸೇರಿ ಎಲ್ಲರ ಕಾಲು ತೊಳೆಯಬೇಕು. ಅದರ ಬೆನ್ನಿಗೇ 36ನೇ ಅಧ್ಯಾಯ, ಕಾಯಿಲೆಯವರದ್ದು. ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಮೇಲಾಗಿ ಅವರನ್ನು ನೋಡಿಕೊಳ್ಳಬೇಕು, ಕ್ರಿಸ್ತನಿಗೇ ಮಾಡಿದಂತೆ ಮಾಡಬೇಕು ಅನ್ನುತ್ತಾರೆ. ಅಂದರೆ ಮಲಗಿದವರ ಜಾಗ ಎಲ್ಲಿ ಅನ್ನುವುದಕ್ಕೆ ಅಲ್ಲೇ ಉತ್ತರ ಇದೆ. ಕ್ರಿಸ್ತನ ಜಾಗ.

ನಾಳೆ ದೊಡ್ಡಮ್ಮನಿಗೆ ಆ ಅಧ್ಯಾಯ ಓದಿ ಹೇಳಬೇಕು. ಅದರಲ್ಲೇ ಇನ್ನೊಂದು ಮಾತೂ ಇದೆ, ಕಾಯಿಲೆಯವರು ಅತಿಯಾಗಿ ಕೇಳಿ ನೋಡಿಕೊಳ್ಳುವವರನ್ನು ನೋಯಿಸಬಾರದು ಅಂತ. ಆ ಸಾಲು ಬಿಟ್ಟು ಓದುತ್ತೇನೆ. ಇವರು ಕೇಳುವುದೇ ಇಲ್ಲ, ಕಷ್ಟ ಇರುವುದೇ ಅಲ್ಲಿ. ಮೊನ್ನೆ ರಾತ್ರಿ ಬಾಯಾರಿಕೆಯಾದರೂ ಯಾರನ್ನೂ ಎಬ್ಬಿಸದೆ ಬೆಳಗಾಗುವ ತನಕ ಕಾದಿದ್ದಾರೆ. ಮಂಚದ ಪಕ್ಕ ಒಂದು ಬೆಲ್ ಇಡೋಣ ಅಂತ ಅವರನ್ನು ಕೇಳಿದರೆ ಬೇಡ ಅಂತಾರೆ. ಸುಮ್ನೆ ತಂದು ಇಟ್ಟುಬಿಡುವುದೇ ಒಳ್ಳೆಯದು, ಆದರೆ ಒತ್ತುತ್ತಾರಾ, ಒತ್ತುವ ಹಾಗೆ ಮಾಡಬೇಕಾದರೆ ಮೊದಲು ನಾವು