ಮೂರನೇ ಮ್ಯಾಂಡೋಲಿನ್: ಬಲ್ಬಿನ ಪೆಟ್ಟಿಗೆಯಿಂದ ತಂತಿ ಕಟ್ಟುವವರೆಗೆ

ನಾನು ಕೈಯಾರೆ ಮಾಡಿದ ಎರಡನೇ ಮ್ಯಾಂಡೋಲಿನ್ ಮಾರ್ಚ್‌ನಲ್ಲಿ ಒಡೆಯಿತು. ಬೀಳಲಿಲ್ಲ, ಯಾರೂ ಮುಟ್ಟಲೂ ಇಲ್ಲ, ಸುಮ್ನೆ ಗೋಡೆಗೆ ನೇತು ಹಾಕಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಒಳಗಿನ ಕೋಣೆಯಿಂದ ಟಪ್ ಅಂತ ಸದ್ದು ಬಂತು. ಹೋಗಿ ನೋಡಿದರೆ ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಪಕ್ಕದಿಂದ ಕೆಳಗಿನ ಅಂಚಿನವರೆಗೆ ಕೂದಲೆಳೆಯಷ್ಟು ಸೀಳು. ಆರು ತಿಂಗಳ ಕೆಲಸ.

ತಪ್ಪು ನನ್ನದೇ. ಅದರ ಮುಖದ ಹಲಗೆಗೆ ಒಳಗಿನ ಅಡ್ಡಪಟ್ಟಿ ಅಂಟಿಸಿದ್ದು ಜುಲೈನಲ್ಲಿ, ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದಾಗ. ಮರ ಆಗ ತೇವ ಕುಡಿದು ಅಡ್ಡಕ್ಕೆ ಉಬ್ಬಿರುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಆದರೆ ಎಳೆಯ ಉದ್ದಕ್ಕೆ ಮರ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಮುಖದ ಹಲಗೆಗೆ ಅಡ್ಡವಾಗಿ ಅಂಟಿಸಿದ ಪಟ್ಟಿ ಹಾಗೇ ಗಟ್ಟಿಯಾಗಿ ನಿಲ್ಲುತ್ತದೆ, ಹಲಗೆ ಮಾತ್ರ ಒಳಕ್ಕೆ ಎಳೆಯುತ್ತದೆ. ಜಗ್ಗಾಟದಲ್ಲಿ ಸೀಳುವುದು ತೆಳ್ಳಗಿರುವುದೇ ಅಲ್ವಾ. ಮೈಸೂರಿನ ನಮ್ಮ ಮನೆಯಲ್ಲಿ ತೇವಾಂಶದ ಮೀಟರ್ ಜುಲೈನಲ್ಲಿ 78 ತೋರಿಸುತ್ತಿತ್ತು, ಒಡೆದ ದಿನ 31. ಇದನ್ನು ಓದಿ ತಿಳಿದುಕೊಂಡಿದ್ದೆ. ಓದಿದ್ದು ಕೈಗೆ ಇಳಿಯೋಕೆ ಒಂದು ಮ್ಯಾಂಡೋಲಿನ್ ಬಲಿ ಕೊಡಬೇಕಾಯಿತು.

ಹಾಗಾಗಿ ಮೂರನೆಯದಕ್ಕೆ ಮರ ಮುಟ್ಟುವ ಮೊದಲೇ ಒಂದು ಪೆಟ್ಟಿಗೆ ಮಾಡಿದೆ. ಹಳೇ ಪ್ಲೈವುಡ್ ಕಪಾಟು, ಒಳಗೆ 40 ವಾಟ್‌ನ ಹಳೇ ಕಾಲದ ಬಲ್ಬು, ಮೇಲೆ ಕೆಳಗೆ ಎರಡೆರಡು ತೂತು, ಒಂದು ಮೀಟರ್. ಮೀಟರ್ 45ರ ಆಸುಪಾಸಿನಲ್ಲಿದ್ದರೆ ಮಾತ್ರ ಅಂಟಿನ ಕೆಲಸ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಒಂದು ದಿನ ನೋಡಿದರೆ 70! ಬಲ್ಬು ಉರಿಯುತ್ತಿದೆ, ಬಾಗಿಲು ಮುಚ್ಚಿದೆ, ಏನಾಯಿತು ಅಂತ ತಲೆ ಕೆಡಿಸಿಕೊಂಡು ಕೆಳಗಿನ ತಟ್ಟೆ ಎಳೆದರೆ ಸಾಲಾಗಿ ಸಂಡಿಗೆ. "ಬಿಸಿಲೇ ಇಲ್ಲ, ನಿಮ್ ಪೆಟ್ಟಿಗೆ ಹೇಗೂ ಬೆಚ್ಚಗಿದೆಯಲ್ಲಾ ಅಂತ ಇಟ್ಟೆ" ಅಂದಳು ಹೆಂಡತಿ. ಸಂಡಿಗೆ ಒಣಗಿತು, ನನ್ನ ಹಲಗೆ ತೇವ ಕುಡಿಯಿತು. ಈಗ ಕಪಾಟಿಗೆ ಬೀಗ ಇದೆ.

ಮರದ ಬಗ್ಗೆ. ಮೊದಲನೆಯ ಮ್ಯಾಂಡೋಲಿನ್‌ಗೆ ಮುಖಕ್ಕೂ ಹಲಸನ್ನೇ ಹಾಕಿದ್ದೆ, ವೀಣೆಗೆ ಒಗ್ಗುತ್ತದಲ್ಲ ಅಂತ. ಒಗ್ಗಲಿಲ್ಲ. ಮ್ಯಾಂಡೋಲಿನ್ ತಂತಿ ಗಿಡ್ಡ, ಮೀಟಿದ ನಾದ ಬೇಗ ಅಡಗುತ್ತದೆ, ಇರುವ ಸ್ವಲ್ಪ ಶಕ್ತಿಯನ್ನು ಭಾರದ ಮರ ನುಂಗಿ ಹಾಕುತ್ತದೆ. ಹೊದಿಕೆ ಹೊದ್ದು ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಆಮೇಲೆ ತೆಪ್ಪಗೆ ಮುಖಕ್ಕೆ ಹೊರದೇಶದ ಸ್ಪ್ರೂಸ್ ಅನ್ನೋ ಹಗುರ ಮರ ತರಿಸಿದೆ. ಕುತ್ತಿಗೆ ಮಹಾಗನಿ.

ಬೆನ್ನಿಗೂ ಪಕ್ಕಗಳಿಗೂ ಬೀಟೆ. ಇಲ್ಲಿ ನಮ್ಮೂರು ಪುಣ್ಯ ಮಾಡಿದೆ. ಮೈಸೂರಿನ ಇನ್‌ಲೇ ಕೆಲಸದವರು ಬೀಟೆ ಹಲಗೆಯಲ್ಲಿ ಚಿತ್ರ ಕೂರಿಸುತ್ತಾರೆ, ಅಂಚಿನಲ್ಲಿ ಕತ್ತರಿಸಿದ ತುಂಡುಗಳು ಉಳಿಯುತ್ತವೆ. ಪಕ್ಕಗಳಿಗೆ ಬೇಕಾದ್ದು ಒಂದೂವರೆ ಅಡಿ ಉದ್ದ, ಎರಡು ಇಂಚು ಅಗಲ ಅಷ್ಟೇ. ಮಂಡಿ ಮೊಹಲ್ಲಾದ ಒಂದು ವರ್ಕ್‌ಶಾಪಿನಲ್ಲಿ ತುಂಡುಗಳ ರಾಶಿ ಮುಂದೆ ಕೂತು, ಒಂದೊಂದನ್ನೇ ಬೆಳಕಿಗೆ ಹಿಡಿದು ಎಳೆ ನೋಡುತ್ತಿದ್ದೆ. ಅಲ್ಲಿನ ಹಿರಿಯರು ಸ್ವಲ್ಪ ಹೊತ್ತು ನೋಡಿ, "ಹೆಣ್ ನೋಡಕ್ ಬಂದಂಗ್ ನೋಡ್ತೀರಲ್ಲಾ ಸಾರ್, ಯಾವ್ದಾದ್ರೂ ತಗೊಳಿ" ಅಂದರು. ಬಿಲ್ ಮಾತ್ರ ಮರೆಯದೆ ಕೇಳಿ ತಗೊಂಡೆ, ಬೀಟೆ ವಿಷಯದಲ್ಲಿ ಕಾಗದ ಕೈಯಲ್ಲಿರುವುದು ಒಳ್ಳೇದು.

ಪಕ್ಕ ಬಗ್ಗಿಸುವುದು ನನಗೆ ಅತಿ ಇಷ್ಟದ ಕೆಲಸ. ಬೀಟೆಯನ್ನು 2 ಮಿ.ಮೀ.ಗೆ ತೋಪಡ ಹೊಡೆದು, ನೀರಲ್ಲಿ ನೆನೆಸಿ, ಒಳಗಿಂದ ಬೆಂಕಿ ಹಾಯಿಸಿದ ಕಬ್ಬಿಣದ ಪೈಪಿನ ಮೇಲೆ ಒತ್ತಬೇಕು. ಪೈಪ್ ಕಾದಿದೆಯಾ ಅಂತ ನೋಡೋದು ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡೋ ಹಾಗೇ: ಹನಿ ಚುರ್ರ್ ಅಂತ ಹಾರಿದರೆ ಸರಿ. ಒತ್ತಿ ಹಿಡಿದು ಕಾಯುತ್ತಿದ್ದರೆ ಒಂದು ಗಳಿಗೆಯಲ್ಲಿ ಮರ ತಾನಾಗಿಯೇ ಸಡಿಲವಾಗುತ್ತದೆ, ಅದು ಕೈಗೆ ಗೊತ್ತಾಗುತ್ತದೆ. ಅದಕ್ಕಿಂತ ಮೊದಲು ಬಲ ಹಾಕಿದರೆ ಕೆಟ್ಟಿತು. ಮೊದಲ ಪಟ್ಟಿ ದುಂಡಗಿನ ಕಡೆಯಲ್ಲೇ ಸಿಗಿಯಿತು, ಎಳೆ ಓರೆಯಾಗಿತ್ತು. ಅಷ್ಟು ಹೊತ್ತು ಬೆಳಕಿಗೆ ಹಿಡಿದು ನೋಡಿದ್ದೇ ಬಂತು! ಎರಡನೆಯದು, ಮೂರನೆಯದು ಸರಿಯಾಗಿ ಬಂದವು. ಮನೆಯೆಲ್ಲ ಬೀಟೆಯ ಸಿಹಿ ವಾಸನೆ.

ಆಕಾರ ಸರಳ: ನೀರಿನ ಹನಿಯಂತೆ, ಚಪ್ಪಟೆ ಮುಖ, ಮೊಟ್ಟೆಯಾಕಾರದ ತೂತು. 1922ರಲ್ಲಿ ಗಿಬ್ಸನ್ ಕಂಪನಿಯವರು ತಂದ ಎಫ್-5 ಮಾದರಿಯ ಮ್ಯಾಂಡೋಲಿನ್, ಆ ಸುರುಳಿ, ಪಿಟೀಲಿನಂಥ ತೂತು, ಕೆತ್ತಿದ ಉಬ್ಬು ಮುಖ, ಎಲ್ಲರಿಗೂ ಅದರ ಮೇಲೇ ಕಣ್ಣು. ನನಗೂ ಇದೆ. ಹತ್ತನೆಯದಕ್ಕೆ ನೋಡೋಣ.

ಮುಖದ ಹಲಗೆ ಮಧ್ಯದಲ್ಲಿ 2.8, ಅಂಚಿನಲ್ಲಿ 2.3 ಮಿ.ಮೀ.ಗೆ ನಿಲ್ಲಿಸಿದೆ. ಅಂಚು ಹಿಡಿದು ಬೆರಳ ಗೆಣ್ಣಿಂದ ತಟ್ಟಿ ಕೇಳುವುದು, ಸ್ವಲ್ಪ ಕೆರೆಯುವುದು, ಮತ್ತೆ ತಟ್ಟುವುದು. ತೆಂಗಿನಕಾಯಿ ಆರಿಸೋರಿಗೆ ಇದು ಹೇಳಿಕೊಡಬೇಕಿಲ್ಲ. ಶುರುವಿನಲ್ಲಿ ಟಕ್ ಟಕ್ ಅನ್ನುತ್ತಿದ್ದದ್ದು ಒಂದು ಹಂತದಲ್ಲಿ ಟಂ ಅಂದಿತು. ಇನ್ನೂ ಸ್ವಲ್ಪ ಕೆರೆಯೋಣ ಅನ್ನಿಸಿತು. ಕೈ ಕಟ್ಟಿಕೊಂಡು ಟೀ ಕುಡಿಯೋಕೆ ಹೋದೆ. ಎಂಟು ತಂತಿ ಶ್ರುತಿಗೆ ಬಂದಾಗ ಒಟ್ಟು ಎಳೆತ 60 ಕೆಜಿಗಿಂತ ಜಾಸ್ತಿ, ಅದರಲ್ಲಿ ಒಂದು ಪಾಲು ಕುದುರೆಯ ಮೂಲಕ ಈ ಹಲಗೆಯನ್ನೇ ಕೆಳಕ್ಕೆ ಒತ್ತುತ್ತದೆ.

ಫ್ರೆಟ್ (ಬೆರಳಿಡುವ ಪಟ್ಟಿಯ ಮೇಲೆ ಸ್ವರದ ಜಾಗ ಹೇಳುವ ಲೋಹದ ಅಡ್ಡಗೀಟು) ಕೂರಿಸಲು ಗೆರೆ ಹಾಕುವಾಗ ಈ ಸಲ ತಪ್ಪಿಲ್ಲ. ತಂತಿಯ ಉದ್ದ 352 ಮಿ.ಮೀ., ಅದನ್ನು ಈ ಲೆಕ್ಕದ ನಿಗದಿ ಸಂಖ್ಯೆ 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ 19.76ಕ್ಕೆ. ಉಳಿದದ್ದನ್ನು ಮತ್ತೆ ಅದರಿಂದಲೇ ಭಾಗಿಸುತ್ತಾ ಹೋಗುವುದು, ಏಳನೆಯದು 117.07, ಹನ್ನೆರಡನೆಯದು ಸರಿಯಾಗಿ ಅರ್ಧ. ಲೆಕ್ಕ ಹೀಗೆ ಹಂತಹಂತವಾಗಿ ಮಾಡಿದರೂ ಗುರುತು ಹಾಕುವಾಗ ಎಲ್ಲವನ್ನೂ ಮೇಲಿನ ತುದಿಯಿಂದಲೇ ಅಳೆಯಬೇಕು. ಮೊದಲ ಸಲ ಒಂದರಿಂದ ಇನ್ನೊಂದಕ್ಕೆ ಅಳೆದಿದ್ದೆ, ಚೂರುಚೂರೇ ತಪ್ಪು ಸೇರಿ ಕೊನೆಯಲ್ಲಿ ಅಪಸ್ವರ.

ಎಡವಿದ್ದು ಕುತ್ತಿಗೆಯ ಕೋನದಲ್ಲಿ. ಅಂಟು ಒಣಗಿದ ಮೇಲೆ ಉದ್ದದ ಸ್ಕೇಲ್ ಇಟ್ಟು ನೋಡಿದರೆ ಕುದುರೆಗೆ ಸಿಗುವ ಎತ್ತರ 15ರ ಬದಲು 11 ಮಿ.ಮೀ. ಕುದುರೆ ತಗ್ಗಿದರೆ ತಂತಿ ಅದರ ಮೇಲೆ ಸಾಕಷ್ಟು ಬಾಗುವುದಿಲ್ಲ, ಒತ್ತಡ ಸಾಲದು, ಸದ್ದು ಸಪ್ಪೆ. ಕುತ್ತಿಗೆ ಕಿತ್ತು ಮತ್ತೆ ಕೂರಿಸುವ ಧೈರ್ಯ ಇರಲಿಲ್ಲ. ಫ್ರೆಟ್ ಪಟ್ಟಿ ಇನ್ನೂ ಅಂಟಿಸಿರಲಿಲ್ಲ, ಬಚಾವಾದೆ. ಅದರ ಕೆಳಗೆ ಒಂದು ತುದಿಗೆ ಕಾಗದದಷ್ಟು ತೆಳ್ಳಗಾಗುವ ಮಹಾಗನಿ ಬೆಣೆ ಕೂರಿಸಿದೆ. ಪಕ್ಕದಿಂದ ನೋಡಿದರೆ ಗೆರೆ ಕಾಣುತ್ತದೆ. ಕೇಳಿದವರಿಗೆ ಡಿಸೈನ್ ಅಂತೀನಿ.

ಪಕ್ಕದ ಮನೆ ಹುಡುಗಿ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಬಂದು ನೋಡಿದವಳೇ "ಅಂಕಲ್, ಇದರಲ್ಲಿ ಗಮಕ ಬರಲ್ಲ" ಅಂದಳು. ನಿಜ. ಎಂಟು ತಂತಿ ಅಂದರೆ ನಾಲ್ಕು ಜೋಡಿ, ಗಮಕಕ್ಕೆ ಸ್ವರ ತೂಗಲು ಜೋಡಿ ತಂತಿಯನ್ನು ಪಕ್ಕಕ್ಕೆ ಎಳೆದರೆ ಎರಡೂ ಒಂದೇ ಸಮ ಏರುವುದಿಲ್ಲ. ಕರ್ನಾಟಕ ಸಂಗೀತದ ಮ್ಯಾಂಡೋಲಿನ್ ವಿದ್ವಾಂಸ ಯು. ಶ್ರೀನಿವಾಸ್ ಜೋಡಿ ತೆಗೆದು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೋಲಿನ್‌ಗೆ ಹೋಗಿದ್ದು, ಆಮೇಲೆ ಐದನೇ ತಂತಿ ಸೇರಿಸಿಕೊಂಡಿದ್ದು ಸುಮ್ನೆ ಅಲ್ಲ. ನಾಲ್ಕನೆಯದು ಅವಳಿಗೆ, ಐದು ತಂತಿಯದು. ಒಡಲು ಟೊಳ್ಳಲ್ಲ, ತುಂಬು ಮರ, ಅದಕ್ಕೆ ಹಲಸು ಸಾಕು ಅನ್ನಿಸುತ್ತದೆ.

ನಿನ್ನೆ ರಾತ್ರಿ ತಂತಿ ಕಟ್ಟಿದೆ. ಸಪೂರದ ಸೆಟ್, ನಾಲ್ಕು ಜೋಡಿಯ ಸ್ವರ ಜಿ-ಡಿ-ಎ-ಇ. ಒಂದೇ ಸಲ ಪೂರ್ತಿ ಶ್ರುತಿಗೆ ತರದೆ ಗಂಟೆಗೊಮ್ಮೆ ಬಿರಡೆ ತಿರುಗಿಸುತ್ತಾ ಹನ್ನೆರಡೂವರೆಗೆ ಮುಗಿಯಿತು. ಮೂರನೇ ಫ್ರೆಟ್ಟಿನಲ್ಲಿ ಎ ತಂತಿ ಗರಗರ ಅನ್ನುತ್ತಿದೆ, ನಾಲ್ಕನೆಯದು ಒಂಚೂರು ಎದ್ದು ನಿಂತಿರಬೇಕು. ಭಾನುವಾರ ಅರ ಹಿಡಿಯುತ್ತೇನೆ. ಮುಖ ಸದ್ಯಕ್ಕೆ ಕುಸಿದಿಲ್ಲ. ಮಾರ್ಚ್‌ವರೆಗೆ ಗೋಡೆಗೆ ಹಾಕುವುದಿಲ್ಲ, ಬೀಗ ಹಾಕಿದ ಕಪಾಟಿನಲ್ಲೇ ಇರಲಿ.