ಮೂರೇ ಕಾರ್ಡ್ ಅಲ್ವಾ ಅಂದಿದ್ದೆ

"ಶಫಲ್ ಇನ್ ಎ. ಕ್ವಿಕ್ ಚೇಂಜ್. ಫ್ರಮ್ ದ ಫೈವ್."

ಗಿಟಾರ್ ಹಿಡಿದಿದ್ದ ಹಿರಿಯರು ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಡ್ರಮ್ಮರ್ ಕಡೆ ತಿರುಗಿದರು. ನನಗೆ ಅರ್ಥವಾಗಿದ್ದು 'ಎ' ಅನ್ನುವ ಸ್ವರ ಒಂದೇ. ಮಿಕ್ಕಿದ್ದು ಏನು ಅಂತ ಕೇಳುವಷ್ಟರಲ್ಲಿ ಸ್ಟಿಕ್ಕುಗಳು ನಾಲ್ಕು ಸಲ ಟಕ್ ಅಂದಾಗಿತ್ತು. ಸರಿ, ಎ ತಾನೇ, ಎ ಬಾರಿಸಿದೆ. ಅವರೆಲ್ಲ ಇ ಬಾರಿಸಿದರು.

ಇಂದಿರಾನಗರದ ಒಂದು ಪಬ್, ಭಾನುವಾರ ಸಂಜೆ. ಎದುರಿಗೆ ಮೂವತ್ತು ಜನ ಇದ್ದಿರಬಹುದು. ಅದರಲ್ಲಿ ಅರ್ಧ ಜನ ಗೋಡೆ ಮೇಲಿನ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಪುಣ್ಯ.

ನಾನು ಬೇಸ್ ಗಿಟಾರ್, ಅಂದರೆ ತಗ್ಗು ಸ್ವರದ ಗಿಟಾರ್, ಹಿಡಿದಿದ್ದು ಇಷ್ಟಪಟ್ಟೇನೂ ಅಲ್ಲ. ಕಾಲೇಜಿನ ಬ್ಯಾಂಡಿನಲ್ಲಿ ಮೂವರು ಗಿಟಾರಿನವರಿದ್ದೆವು. ಮೂವರಲ್ಲಿ ಕೈ ನಿಧಾನ ಇದ್ದವನು ನಾನು. ಹಾಗಾಗಿ ಬೇಸ್ ನನ್ನ ಪಾಲಿಗೆ ಬಂತು. ಆಮೇಲೆ ಆಫೀಸಿನ ಬ್ಯಾಂಡ್. ವರ್ಷಕ್ಕೊಂದು ಕಾರ್ಯಕ್ರಮ, ನಾಲ್ಕು ಸಿನಿಮಾ ಹಾಡು. ಹಾಳೆಯಲ್ಲಿ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳನ್ನು, ಬರೆದುಕೊಂಡು, ಪ್ರತಿ ಕಾರ್ಡಿನ ಮೊದಲ ಸ್ವರ ಕುಟ್ಟಿದರೆ ಕೆಲಸ ಆಯಿತು. ಆರು ವರ್ಷ ಹೀಗೇ ಕುಟ್ಟಿದ್ದೆ.

ನಮ್ಮ ಡ್ರಮ್ಮರ್ ಗೆಳೆಯ ಶನಿವಾರ ಫೋನ್ ಮಾಡಿದ. "ಮಗಾ, ನಾಳೆ ಬ್ಲೂಸ್ ಜ್ಯಾಮ್ ಇದೆ. ಬೇಸ್ ಬಾರಿಸೋರು ಊರಲ್ಲಿಲ್ಲ. ಬರ್ತೀಯಾ?"

"ಬ್ಲೂಸಾ? ಮೂರೇ ಕಾರ್ಡ್ ಅಲ್ವಾ. ಬರ್ತೀನಿ."

ಬ್ಲೂಸ್ ಅಂದರೆ ಅಮೆರಿಕದ ಒಂದು ಬಗೆಯ ಹಾಡುಗಾರಿಕೆ. ಜ್ಯಾಮ್ ಅಂದರೆ ರಿಹರ್ಸಲ್ ಇಲ್ಲದೆ ಸೇರಿ ಬಾರಿಸುವುದು. ವಿಜಯನಗರದಲ್ಲಿ ಮೆಟ್ರೋ ಹತ್ತಿದೆ. ದಾರಿಯುದ್ದಕ್ಕೂ ಬೆರಳಲ್ಲಿ ಎಣಿಸಿಕೊಂಡು ಹೋದೆ. ಎಣಿಸುವುದಕ್ಕೆ ಇರುವುದಾದರೂ ಎಷ್ಟು? ಒಂದು ಸುತ್ತಿಗೆ ಹನ್ನೆರಡು ಬಾರ್, ಬಾರಿಗೆ ನಾಲ್ಕು ಎಣಿಕೆ. ಎ ಕೀಯಲ್ಲಿ, ಅಂದರೆ ಎ ಸ್ವರವನ್ನೇ ಸ ಮಾಡಿಕೊಂಡರೆ, ಮೊದಲ ನಾಲ್ಕು ಬಾರ್ ಎ. ಆಮೇಲೆ ಎರಡು ಬಾರ್ ಡಿ, ಎರಡು ಬಾರ್ ಎ. ಕೊನೆಯ ನಾಲ್ಕರಲ್ಲಿ ಇ, ಡಿ, ಎ, ಮತ್ತೆ ಇ. ಸಂಗೀತದ ಕ್ಲಾಸಿನ ಲೆಕ್ಕದಲ್ಲಿ ಎ, ಡಿ, ಇ ಅಂದರೆ ಸ, ಮ, ಪ: ಒಂದನೇ, ನಾಲ್ಕನೇ, ಐದನೇ ಸ್ವರ. ಅದರ ಮೇಲೆ ಬೇಸಿನ ನಾಲ್ಕು ತಂತಿಯಲ್ಲಿ ಮೂರು ಇವೇ: ಇ, ಎ, ಡಿ. ಎಡಗೈ ಜೇಬಲ್ಲಿಟ್ಟುಕೊಂಡೇ ಬಾರಿಸಬಹುದು ಅಂದುಕೊಂಡೆ.

'ಫ್ರಮ್ ದ ಫೈವ್' ಅಂದರೆ ಐದನೇ ಕಾರ್ಡು, ಅಂದರೆ ಇ, ಬರುವ ಒಂಬತ್ತನೇ ಬಾರಿನಿಂದ ಶುರು ಮಾಡಿ ಅಂತ. ಕೊನೆಯ ನಾಲ್ಕು ಬಾರ್ ಪೀಠಿಕೆಯ ಥರ ಬಾರಿಸಿ, ಆಮೇಲೆ ಸುತ್ತಿನ ತಲೆಗೆ ಹೋಗುವುದು. ನನಗದು ಗೊತ್ತಿರಲಿಲ್ಲ. ಅವರು ಒಂಬತ್ತರಲ್ಲಿದ್ದಾಗ ನಾನು ಒಂದರಲ್ಲಿದ್ದೆ.

ಇಷ್ಟೇ ಆಗಿದ್ದರೆ ಅಲ್ಲೇ ಸರಿಮಾಡಿಕೊಳ್ಳಬಹುದಿತ್ತು. ಕಷ್ಟ ಏನಾಯಿತು ಅಂದರೆ, ಮೂರನೇ ಬಾರಿನಲ್ಲಿ ಅವರೂ ಎ, ನಾನೂ ಎ. ಆಹಾ, ಹೊಂದಿತು! ಮುಂದಿನ ಎರಡು ಬಾರ್ ಮತ್ತೆ ಬೇರೆ ಬೇರೆ. ಆರು, ಏಳು, ಎಂಟರಲ್ಲಿ ಮತ್ತೆ ಇಬ್ಬರೂ ಒಂದೇ ಕಡೆ. ನಾನು ಸರಿಯಾಗಿದ್ದೇನೆ, ಅವರದ್ದೇ ಎಲ್ಲೋ ಎಡವಟ್ಟು ಅಂತ ಧೈರ್ಯ ಬಂತು. ಧೈರ್ಯವಾಗಿ ಒಂಬತ್ತಕ್ಕೆ ಇ ಬಾರಿಸಿದೆ. ಅವರು ಡಿಯಲ್ಲಿದ್ದರು.

ಹತ್ತು ಕಾರ್ಡ್ ಇರುವ ಹಾಡಿನಲ್ಲಿ ದಾರಿ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಮೂರೇ ಇದ್ದರೆ ತಪ್ಪಿದವನಿಗೂ ಮೂರರಲ್ಲಿ ಒಂದು ಸಲ ಸರಿ ಅನ್ನಿಸುತ್ತಿರುತ್ತದೆ. ಜಯನಗರದಲ್ಲಿ ಮನೆ ಹುಡುಕಿದ ಹಾಗೆ. ಅದೇ ಮರ, ಅದೇ ಕ್ರಾಸು, ಅದೇ ಮೂಲೆ ಅಂಗಡಿ. ಬ್ಲಾಕ್ ಮಾತ್ರ ಬೇರೆ.

ಎರಡನೇ ಸುತ್ತು ಶುರುವಾದಾಗ ಗೆಳೆಯ ಹಿಂದಿನಿಂದ "ಮೇಲಿಂದ!" ಅಂತ ಕೂಗಿದ. ಸರಿಯಾಗಿ ತಲೆಗೆ ಸೇರಿಕೊಂಡೆ. ಎ. ನಿಟ್ಟುಸಿರು. ಎರಡನೇ ಬಾರಿನಲ್ಲೇ ಅವರೆಲ್ಲ ಡಿಗೆ ಹೋದರು! ಅದೇ ಕ್ವಿಕ್ ಚೇಂಜ್. ನಾಲ್ಕು ಬಾರ್ ಎಯಲ್ಲೇ ಕೂರುವ ಬದಲು ಎರಡನೆಯದರಲ್ಲೇ ಒಮ್ಮೆ ಡಿ ಮುಟ್ಟಿ ಬರುವುದು. ಎಷ್ಟೋ ಬ್ಲೂಸ್ ಹಾಡುಗಳಲ್ಲಿ ಇದು ಇದ್ದೇ ಇರುತ್ತದೆ. ನಾನು ಎ ಒಂದನ್ನೇ ಹಿಡಿದಿದ್ದರೂ ಬಚಾವಾಗುತ್ತಿದ್ದೆ, ಅವರು ಬಾರಿಸುತ್ತಿದ್ದ ಡಿ ಸೆವೆಂತ್ (ಏಳನೇ ಸ್ವರವೂ ಸೇರಿದ ಡಿ) ಕಾರ್ಡಿನೊಳಗೆ ಎ ಇದೆ. ಆದರೆ ನಾನು ಸ್ಟೈಲಾಗಿ ಎ, ಸಿ ಶಾರ್ಪ್, ಇ, ಎಫ್ ಶಾರ್ಪ್ ಅಂತ ಮೆಟ್ಟಿಲು ಹತ್ತುತ್ತಿದ್ದೆ. ಅವರ ಕಾರ್ಡಿನಲ್ಲಿ ಬರಿ ಸಿ, ನನ್ನ ಕೈಯಲ್ಲಿ ಅದಕ್ಕಿಂತ ಅರ್ಧ ಸ್ವರ ಮೇಲಿನ ಸಿ ಶಾರ್ಪ್. ಎರಡೂ ಒಟ್ಟಿಗೆ ಕೇಳಿದಾಗ ಹಲ್ಲಿಗೆ ಮರಳು ಸಿಕ್ಕ ಹಾಗಾಯಿತು. ಗಿಟಾರಿನವರು ಒಂದು ಸ್ವರ ಆಚೀಚೆ ಮಾಡಿದರೆ ಅದನ್ನು ಭಾವ ಅಂತಾರೆ. ಬೇಸ್ ಆಚೀಚೆ ಆದರೆ ಎಲ್ಲರೂ ತಪ್ಪು ಬಾರಿಸಿದ ಹಾಗೆ ಕೇಳುತ್ತದೆ. ಈ ಅನ್ಯಾಯದ ಬಗ್ಗೆ ನನಗೆ ಇವತ್ತಿಗೂ ಸ್ವಲ್ಪ ಬೇಜಾರಿದೆ.

ಹಿರಿಯರು ನನ್ನನ್ನೇ ನೋಡುತ್ತಾ ನಾಲ್ಕು ಬೆರಳು ಎತ್ತಿ ತೋರಿಸಿದರು. ಇನ್ನು ನಾಲ್ಕು ಸುತ್ತು ಇದೆ ಅಂತ ತಿಳಿದು ಜೋರಾಗಿ ತಲೆಯಾಡಿಸಿದೆ. ನಾಲ್ಕು ಅಂದರೆ ನಾಲ್ಕನೇ ಕಾರ್ಡ್, ಅಂದರೆ ಡಿ. ಅದು ಗೊತ್ತಾಗಿದ್ದು ಆಮೇಲೆ. ಕೊನೆಯಲ್ಲಿ ಅವರು ಮುಷ್ಟಿ ಎತ್ತಿದರು. ಹುರುಪು ತುಂಬುತ್ತಿದ್ದಾರೆ ಅಂದುಕೊಂಡೆ. ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ನಾನೊಬ್ಬನೇ ಇನ್ನೂ ಎರಡು ಬಾರ್ ಡುಂ ಡುಂ ಅಂತ ಹೋಗಿ, ನಿಂತೆ. ಅದೂ ಪೂರ್ತಿ ನಿಲ್ಲಲಿಲ್ಲ. ಆ ಎರಡು ಬಾರನ್ನು ಖಾಲಿ ತಂತಿಯ ಮೇಲೇ ಬಾರಿಸಿದ್ದೆನಲ್ಲ, ಕೈ ತೆಗೆದರೂ ಎ ತಂತಿ ಗುಂಯ್ ಅನ್ನುತ್ತಲೇ ಇತ್ತು. ಅಂಗೈ ಇಟ್ಟು ಅದುಮಿದೆ.

ಎರಡನೆಯದು ನನಗೆ ಗೊತ್ತಿದ್ದ ಹಾಡು, 'ಹೂಚಿ ಕೂಚಿ ಮ್ಯಾನ್'. 1954ರಲ್ಲಿ ಶಿಕಾಗೋದಲ್ಲಿ ಮಡ್ಡಿ ವಾಟರ್ಸ್ ಹಾಡಿದ್ದು. ಬರೆದ ವಿಲ್ಲಿ ಡಿಕ್ಸನ್ನೇ ಆ ರೆಕಾರ್ಡಿಂಗಿನಲ್ಲಿ ಬೇಸ್ ಬಾರಿಸಿದ್ದಾನೆ, ಅದೂ ನಿಂತು ಬಾರಿಸುವ ದೊಡ್ಡ ಬೇಸು. ನೂರು ಸಲ ಕೇಳಿದ್ದೆ. ಕೇಳುವಾಗ ಯಾರು ಬಾರ್ ಎಣಿಸುತ್ತಾರೆ? ಅದರದ್ದು ಹನ್ನೆರಡಲ್ಲ, ಹದಿನಾರು. ಮೊದಲ ಎಂಟು ಬಾರ್ ಒಂದೇ ಕಾರ್ಡು. ನಾನು ಹನ್ನೆರಡರ ಅಭ್ಯಾಸದಲ್ಲಿ ಐದಕ್ಕೇ ಡಿಗೆ ಹಾರಿದೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಆ ಎಂಟು ಬಾರಿನಲ್ಲಿ ಎಲ್ಲರೂ ಸೇರಿ ಒಂದು ಏಟು ಹೊಡೆದು ಸುಮ್ಮನಾಗುತ್ತಾರೆ. ಆ ಖಾಲಿ ಜಾಗದಲ್ಲಿ ಹಾಡುವವರ ಮಾತು ಬರುತ್ತದೆ. ಮತ್ತೆ ಏಟು, ಮತ್ತೆ ಮೌನ. ಸ್ಟೇಜಿನ ಮೇಲೆ ಮೌನ ಅಂದರೆ ನನಗೆ ಭಯ. ಯಾರೋ ಮರೆತಿದ್ದಾರೆ, ನಾನಾದರೂ ತುಂಬಿಸೋಣ ಅನ್ನಿಸಿಬಿಡುತ್ತದೆ. ತುಂಬಿಸಿದೆ. ಹಾಡುತ್ತಿದ್ದ ಹೆಂಗಸು ಮೈಕ್ ಬಾಯಿಂದ ದೂರ ಮಾಡಿ ತಿರುಗಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಬ್ರೇಕಿನಲ್ಲಿ ಗೆಳೆಯ ನನ್ನನ್ನು ಹೊರಗೆ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದ. ನಾವಿಬ್ಬರೂ ಚಿಕ್ಕಂದಿನಲ್ಲಿ ಒಂದೇ ಮೃದಂಗದ ಕ್ಲಾಸಿಗೆ ಹೋದವರು. ಒಂದೇ ವರ್ಷ ಬಿಟ್ಟವರು.

"ನಾನು ತಕಿಟ ತಕಿಟ ಹೋಗ್ತಾ ಇದ್ದೀನಿ. ನೀನು ತಕ ತಕ ಅಂತ ಇದ್ದೀಯ. ಶಫಲ್ ಅಂದ್ರೆ ತಿಶ್ರ ಕಣೋ, ಒಂದೊಂದು ಎಣಿಕೆಗೂ ಮೂರು ಮೂರು."

"ಮೂರೂ ಬಾರಿಸ್ಬೇಕಾ?"

"ಮಧ್ಯದ 'ಕಿ' ನುಂಗ್ಬಿಡು. ತ... ಟ, ತ... ಟ."

ತೊಡೆ ಮೇಲೆ ತಟ್ಟಿ ತೋರಿಸಿದ. ನಾನೂ ತಟ್ಟಿದೆ. ಎರಡೇ ನಿಮಿಷದಲ್ಲಿ ಕೈಗೆ ಬಂತು. ಆರು ವರ್ಷದಲ್ಲಿ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ.

"ಇನ್ನೊಂದು. ನೀನು ಬಾಯಲ್ಲಿ ಎಣಿಸ್ತಾ ಇದ್ದೀಯ. ತುಟಿ ಅಲ್ಲಾಡೋದು ಕಾಣುತ್ತೆ. ಎಣಿಸ್ಬೇಡ, ಮಾತು ಕೇಳಿಸ್ಕೋ."

"ಯಾರ ಮಾತು?"

"ಹಾಡೋರ ಮಾತು. ಬ್ಲೂಸಲ್ಲಿ ಸಾಮಾನ್ಯವಾಗಿ ಒಂದು ಸುತ್ತಿಗೆ ಮೂರು ಸಾಲು. ಮೊದಲನೇ ಸಾಲು ಹೇಳ್ತಾರೆ. ಅದನ್ನೇ ಇನ್ನೊಂದ್ಸಲ ಹೇಳ್ತಾರೆ. ಮೂರನೇ ಸಾಲಲ್ಲಿ ಅದಕ್ಕೆ ಉತ್ತರ. ಒಂದೊಂದಕ್ಕೂ ನಾಲ್ಕು ಬಾರ್. ಅದೇ ಸಾಲು ಎರಡನೇ ಸಲ ಬಂತಾ, ನಾಲ್ಕನೇ ಕಾರ್ಡಿಗೆ ಹೋಗು. ಹೊಸ ಮಾತು ಬಂತಾ, ಐದಕ್ಕೆ ಹೋಗು."

"ಅಷ್ಟೇನಾ?"

"ಅಷ್ಟೇ. ಬಾರಲ್ಲಿ ಕೂತು ಬಾರ್ ಎಣಿಸೋನು ನೀನೊಬ್ಬನೇ."

ಒಳಗೆ ಹೋದರೆ ಹೊಸಬರೊಬ್ಬರು ಹಾರ್ಮೋನಿಕಾ ಹಿಡಿದು ನಿಂತಿದ್ದರು. ಈ ಸಲ ಕೇಳಿಬಿಡೋಣ ಅಂತ ಹೋಗಿ ಯಾವ ಕೀ ಸರ್ ಅಂದೆ. ಅವರು ಕೈಯಲ್ಲಿದ್ದುದನ್ನು ನೋಡಿ ಎ ಅಂದರು. ಕ್ವಿಕ್ ಚೇಂಜ್ ಇದೆಯಾ ಅಂತ ಹಿರಿಯರನ್ನೂ ಬಾಯಿ ಬಿಟ್ಟು ಕೇಳಿದೆ. ಇದೆ ಅಂದರು. ಎಲ್ಲಾ ತಿಳಿದುಕೊಂಡ ಸಂತೋಷದಲ್ಲಿ ಎ ಬಾರಿಸಿದೆ. ಹಾಡು ಇ ಕೀಯಲ್ಲಿತ್ತು!

ಅವರು ಸುಳ್ಳೇನೂ ಹೇಳಿರಲಿಲ್ಲ. ಹಾರ್ಮೋನಿಕಾದ ಮೇಲೆ ಎ ಅಂತಲೇ ಬರೆದಿತ್ತು. ಆದರೆ ಬ್ಲೂಸ್ ಬಾರಿಸುವವರು ಎ ಹಾರ್ಪನ್ನು (ಹಾರ್ಮೋನಿಕಾಕ್ಕೆ ಅವರು ಹಾರ್ಪ್ ಅಂತಾರೆ) ಹೆಚ್ಚಾಗಿ ಇ ಕೀಯಲ್ಲಿ ಬಾರಿಸುತ್ತಾರೆ. ಊದುವುದಕ್ಕಿಂತ ಉಸಿರು ಎಳೆದುಕೊಳ್ಳುವಾಗ ಬರುವ ಸ್ವರಗಳನ್ನು ಬಗ್ಗಿಸಿದರೇ ಆ ಅಳುವ ದನಿ ಚೆನ್ನಾಗಿ ಬರೋದು. ಆ ಸ್ವರಗಳು ಇ ಕೀಗೆ ಸರಿಹೋಗುತ್ತವೆ. ಎ ಕೀ ಬೇಕಾದರೆ ಡಿ ಹಾರ್ಪ್ ತೆಗೆಯುತ್ತಾರೆ. ಯಾವ ಕೀ ಅಂತ ಕೇಳಿದರೆ ಹಾಡಿನದ್ದೋ ವಾದ್ಯದ್ದೋ ಅಂತ ಇನ್ನೊಂದು ಸಲ ಕೇಳಬೇಕಂತೆ.

ಅದು ನಿಧಾನದ ಬ್ಲೂಸು. ನಿಮಿಷಕ್ಕೆ ಅರವತ್ತು ಎಣಿಕೆ ಅಂದರೆ ಒಂದು ಸುತ್ತಿಗೆ 48 ಸೆಕೆಂಡು, ಒಂದು ಬಾರಿಗೆ ನಾಲ್ಕು. ತಪ್ಪು ಸ್ವರದ ಮೇಲೆ ನಾಲ್ಕು ಸೆಕೆಂಡ್ ನಿಂತು ನೋಡಿ, ಗೊತ್ತಾಗುತ್ತೆ. ಆದರೆ ಈ ಸಲ ನಾಲ್ಕೂ ಸೆಕೆಂಡ್ ನಿಲ್ಲಲಿಲ್ಲ. ಎರಡನೇ ಎಣಿಕೆಗೇ ಕಿವಿಗೆ ಹೊಡೆಯಿತು. ಇಗೆ ಇಳಿದೆ. ಹಿರಿಯರೇ ಹಾಡಲು ಶುರು ಮಾಡಿದರು. ಒಂದು ಸಾಲು. ನಾನು ಎಣಿಸಲಿಲ್ಲ. ಅದೇ ಸಾಲು ಮತ್ತೆ ಬಂತು, ಎಗೆ ಹೋದೆ. ಅವರೂ ಅಲ್ಲೇ ಇದ್ದರು. ಮೂರನೇ ಸಾಲಿಗೆ ಬಿಗೆ ಹೋದೆ. ಅಲ್ಲೂ ಇದ್ದರು. ಬೆನ್ನ ಹಿಂದೆ ಗೆಳೆಯ ಜೋರಾಗಿ ನಕ್ಕಿದ್ದು ಕೇಳಿಸಿತು.

ಹಾರ್ಮೋನಿಕಾದವರು ಮಾತ್ರ ಎರಡು ಮೂರು ಸಲ ಹುಬ್ಬು ಗಂಟಿಕ್ಕಿ ನನ್ನ ಕಡೆ ನೋಡಿದರು. ಯಾಕೆ ಅಂತ ಗೊತ್ತಾಗಿದ್ದು ಮನೆಗೆ ಬಂದ ಮೇಲೆ, ಸೋಮವಾರ ರಾತ್ರಿ.

ಚಿಕ್ಕ ಆಂಪ್‌ಗೆ ಹಾಕಿಕೊಂಡು ಅದೇ ಮೆಟ್ಟಿಲು ಅಭ್ಯಾಸ ಮಾಡುತ್ತಿದ್ದೆ. ಅಮ್ಮ ಅಡುಗೆಮನೆಯಲ್ಲಿ ಅವರೆಕಾಳು ಹಿಸುಕುತ್ತಿದ್ದಳು. ಅವಳು ಇಪ್ಪತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವಳು. ಅಲ್ಲಿಂದಲೇ ಕೂಗಿದಳು.

"ಅದೇನೋ ಅದು? ಇಷ್ಟೊತ್ತು ಹರಿಕಾಂಭೋಜಿ ಥರ ಚೆನ್ನಾಗಿತ್ತು. ಒಂದ್ಸಲ ಕೈಶಿಕಿ ನಿಷಾದ ಹಾಕ್ತೀಯ, ಒಂದ್ಸಲ ಕಾಕಲಿ ಹಾಕಿ ಶಂಕರಾಭರಣ ಮಾಡ್ತೀಯ. ಯಾವುದಾದ್ರೂ ಒಂದು ಇಟ್ಕೊ."

ಕೈ ನೋಡಿಕೊಂಡೆ. ಎ ಸೆವೆಂತ್ ಕಾರ್ಡಿಗೆ ಬೇಕಾದದ್ದು ಜಿ, ಅಮ್ಮ ಹೇಳಿದ ಕೈಶಿಕಿ, ಅಂದರೆ ಕೆಳಗಿನ ನಿ. ನಾನು ಆಗಾಗ ಒಂದು ಫ್ರೆಟ್ ಮೇಲಿನ ಜಿ ಶಾರ್ಪ್, ಅಂದರೆ ಕಾಕಲಿ, ಒತ್ತುತ್ತಿದ್ದೆ, ಮೇಜರ್ ಸ್ಕೇಲಿನ ಹಳೇ ಅಭ್ಯಾಸ. ಸ್ಟೇಜಿನ ಮೇಲೂ ಇದನ್ನೇ ಮಾಡಿದ್ದೆ, ಇ ಕೀಯಲ್ಲಿ. ಹುಬ್ಬಿನ ಲೆಕ್ಕ ಸರಿಹೋಯಿತು. ಸ, ಗ, ಪ, ದ, ನಿ, ದ, ಪ, ಗ ಅಂತ ಹಾಡಿಕೊಂಡು ಬಾರಿಸಿದೆ. ಹಾಡಿಕೊಂಡರೆ ಬೆರಳು ಜಿ ಶಾರ್ಪಿಗೆ ಹೋಗುವುದೇ ಇಲ್ಲ.

"ಗಾಂಧಾರ ಯಾವುದು ಇದರಲ್ಲಿ?"

"ನಂದು ಅಂತರ ಗಾಂಧಾರ. ಗಿಟಾರಿನವರು ಸಾಧಾರಣಕ್ಕೂ ಅಂತರಕ್ಕೂ ಮಧ್ಯೆ ಜಾರ್ತಾ ಇರ್ತಾರೆ. ಅವರು ಜಾರಿದಾಗ ನಾನು ಕೆಳಗೆ ಗಟ್ಟಿಯಾಗಿ ನಿಂತಿರಬೇಕು."

"ಹಾಗಾದ್ರೆ ನೀನು ತಂಬೂರಿ."

"ಜಾಗ ಬದಲಾಯಿಸೋ ತಂಬೂರಿ. ಎರಡು ಬಾರಿಗೆ ಒಂದ್ಸಲ."

"ಶ್ರುತೀನೇ ನಿಲ್ಲಲ್ವಾ? ಅದ್ಯಾವ ಸಂಗೀತಾನೋ!" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಒಂದು ಸುತ್ತಿಗೆ ಎಷ್ಟು ಅಕ್ಷರ?"

"ನಲವತ್ತೆಂಟು."

"ಆದಿತಾಳದಲ್ಲಿ ಆರು ಆವರ್ತ. ಇದರಲ್ಲಿ ತಪ್ಪೋದಕ್ಕೆ ಏನಿದೆ?"

ಉತ್ತರ ಹೇಳಲಿಲ್ಲ. ಹೇಳಿದ್ದರೆ ರಾತ್ರಿ ಹನ್ನೆರಡಾಗುತ್ತಿತ್ತು.

ಮುಂದಿನ ಭಾನುವಾರ ಮತ್ತೆ ಹೋದೆ. ಬೇಸ್ ಬೆನ್ನಿಗೆ ಹಾಕಿಕೊಂಡೇ ಹೋಗಿದ್ದೆ. ಅಲ್ಲಿ ಬಾರಿಸುವವರು ಊರಿಂದ ವಾಪಸ್ ಬಂದಿದ್ದರು. ಬ್ಯಾಗ್ ಗೋಡೆಗೆ ಒರಗಿಸಿ ಮುಂದಿನ ಮೇಜಿನಲ್ಲಿ ಕೂತೆ. ಅವರು ಇಡೀ ಸುತ್ತಿಗೆ ಎಣಿಸಿದ ಹಾಗೆ ಕೆಲವೇ ಸ್ವರ ಬಾರಿಸಿದರು. ಕಣ್ಣು ಮುಚ್ಚಿಕೊಂಡಿದ್ದರು. ಹಾಡುವವರು ಉಸಿರು ತೆಗೆದುಕೊಂಡಾಗ ಮಾತ್ರ ಒಂದೆರಡು ಹೆಜ್ಜೆ ಹೆಚ್ಚು ಇಟ್ಟು, ಮತ್ತೆ ಹಿಂದೆ ಸರಿದುಬಿಡುತ್ತಿದ್ದರು. ನಾನು ಮೇಜಿನ ಕೆಳಗೆ ಕಾಲು ತಟ್ಟುತ್ತಾ ಕೂತಿದ್ದೆ. ತ... ಟ, ತ... ಟ.

ಹಿರಿಯರು ಮುಷ್ಟಿ ಎತ್ತಿದರು. ನನ್ನ ಕಾಲೂ ನಿಂತಿತು.