ಪಾಂಡಾ ವೆಜ್ಜಾ, ನಾನ್‌ವೆಜ್ಜಾ?

ಸಿಂಗಪುರದ ಮೃಗಾಲಯದಲ್ಲಿ ನನ್ನ ಕೆಲಸ ಬಂದವರಿಗೆ ಪ್ರಾಣಿಗಳ ಬಗ್ಗೆ ಹೇಳುವುದು. ಪಾಂಡಾಗಳ ಮುಂದೆ ನಿಂತಿರುವಾಗ ನಮ್ಮ ಕಡೆಯ ಕುಟುಂಬ ಯಾವುದಾದರೂ ಬಂದರೆ, ಮೊದಲ ಪ್ರಶ್ನೆ ಹೆಚ್ಚುಕಡಿಮೆ ಇದೇ ಇರುತ್ತದೆ: "ಇದು ವೆಜ್ಜಾ, ನಾನ್‌ವೆಜ್ಜಾ?" ಬಹಳ ಒಳ್ಳೆಯ ಪ್ರಶ್ನೆ. ಆದರೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟರೆ ಅರ್ಧ ವಿಷಯ ಬಿಟ್ಟುಹೋಗುತ್ತದೆ. ಪ್ರಾಣಿಯ ವಂಶ ಬೇರೆ, ಊಟ ಬೇರೆ, ಹೊಟ್ಟೆ ಬೇರೆ. ಇವನ್ನು ಒಂದೊಂದಾಗಿ ಬಿಡಿಸಿ ತೋರಿಸಬೇಕು ಅನ್ನುವುದು ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ.

ಅದಕ್ಕೇ ನಾನು ವರ್ಗೀಕರಣದಿಂದ ಮಾತು ಶುರು ಮಾಡುವುದಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಅದು ತಿನ್ನುವುದನ್ನು ನೋಡಿ ಅನ್ನುತ್ತೇನೆ. ಪಾಂಡಾ ನೆಲಕ್ಕೆ ಕುಂಡೆ ಊರಿ, ಕಾಲು ಚಾಚಿ ಕೂರುತ್ತದೆ. ಬಿದಿರಿನ ಗಳು ಸಿಕ್ಕರೆ ಮೊದಲು ಮೂಸುತ್ತದೆ. ಇಷ್ಟವಾಗದಿದ್ದರೆ ಅಲ್ಲೇ ಬಿಸಾಕುತ್ತದೆ. ಇಷ್ಟವಾದರೆ ಹಲ್ಲಿನಿಂದ ಹಸಿರು ಸಿಪ್ಪೆಯನ್ನು ಸರಸರನೆ ಸುಲಿದು, ಒಳಗಿನದನ್ನು ದವಡೆಗೆ ಕೊಟ್ಟು ಕಟಕಟ ಮುರಿಯುತ್ತದೆ. ಎಲೆಯಾದರೆ ಬೇರೆಯೇ ರೀತಿ. ಒಂದೊಂದೇ ಕಡ್ಡಿಯಿಂದ ಎಲೆ ಕಚ್ಚಿ ತೆಗೆದು ಬಾಯಿಯ ಮೂಲೆಯಲ್ಲಿ ಸೇರಿಸಿಕೊಳ್ಳುತ್ತಾ ಹೋಗುತ್ತದೆ. ಒಂದು ಕಟ್ಟಿನಷ್ಟು ಆದಮೇಲೆ ಅದನ್ನು ಕೈಗೆ ತೆಗೆದುಕೊಂಡು, ವೀಳ್ಯದೆಲೆಯ ಬೀಡಾ ಕಚ್ಚಿದ ಹಾಗೆ ಕಚ್ಚಿ ಕಚ್ಚಿ ತಿನ್ನುತ್ತದೆ. ಆಗ ಕೈ ಗಮನಿಸಿ ಅಂತ ಮಕ್ಕಳಿಗೆ ಹೇಳುತ್ತೇನೆ. ಐದು ಬೆರಳಿನ ಜೊತೆ ಹೆಬ್ಬೆರಳಿನಂಥ ಇನ್ನೊಂದು ಗುಬುಟು ಕಾಣುತ್ತದೆ. ಅದು ಬೆರಳಲ್ಲ, ಮಣಿಕಟ್ಟಿನ ಮೂಳೆಯೊಂದು ದೊಡ್ಡದಾಗಿ ಬೆಳೆದದ್ದು. ಗಳು ಜಾರದ ಹಾಗೆ ಹಿಡಿಯುವುದು ಅದರಿಂದಲೇ. ಚೀನಾದ ಯುನ್ನಾನ್‌ನಲ್ಲಿ ಸಿಕ್ಕ ಸುಮಾರು 60-70 ಲಕ್ಷ ವರ್ಷ ಹಳೆಯ ಪಾಂಡಾ ಪೂರ್ವಜನ ಪಳೆಯುಳಿಕೆಯಲ್ಲೂ ಈ ಮೂಳೆ ಇದೆ.

ಇಷ್ಟು ನೋಡಿದವರು "ಹಾಗಾದರೆ ಪ್ಯೂರ್ ವೆಜ್ ಬಿಡಿ" ಅನ್ನುತ್ತಾರೆ. ಊಟದ ಲೆಕ್ಕದಲ್ಲಿ ಅದು ಸರಿಯೇ. ಕಾಡಿನ ಪಾಂಡಾದ ಊಟದಲ್ಲಿ ಶೇ 99ರಷ್ಟು ಬಿದಿರೇ. ದಿನಕ್ಕೆ 12ರಿಂದ 38 ಕಿಲೋ ತಿನ್ನುತ್ತದೆ. ಹತ್ತು ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ಊಟಕ್ಕೇ ಹೋಗುತ್ತದೆ. ಇಷ್ಟೊಂದು ಯಾಕೆ ಅಂತ ತಿಳಿಯಬೇಕಾದರೆ ಲದ್ದಿ ನೋಡಬೇಕು. ಹೌದು, ಪಾಲಕರು ಗುಡಿಸುವಾಗ ನಾನು ಅದನ್ನೇ ತೋರಿಸುತ್ತೇನೆ. ಎರಡೂ ತುದಿ ಚೂಪಾದ, ಹಸಿರು-ಹಳದಿ ಉಂಡೆಗಳು. ವಾಸನೆ ತುಂಬಾ ಕಡಿಮೆ. ಒಡೆದರೆ ಒಳಗೆ ಬಿದಿರಿನ ಚೂರುಗಳು ಗುರುತು ಸಿಗುವ ಹಾಗೇ ಇರುತ್ತವೆ. ತಿಂದದ್ದರಲ್ಲಿ ಶೇ 20ರಷ್ಟೂ ಅದಕ್ಕೆ ಅರಗುವುದಿಲ್ಲ.

ವಂಶದ ಮಾತು ಎತ್ತುವುದಕ್ಕೆ ಇದೇ ಸರಿಯಾದ ಹೊತ್ತು. ಹಸುವಿಗೆ ನಾಲ್ಕು ಕೋಣೆಯ ಹೊಟ್ಟೆ ಇದೆ, ಮೆಲುಕು ಹಾಕುತ್ತದೆ. ಆನೆ, ಕುದುರೆಗೆ ನಾರು ಹುದುಗಿಸಿ ಅರಗಿಸಲು ದೊಡ್ಡ ಹಿಂಗರುಳಿದೆ. ಪಾಂಡಾಗೆ ಇವು ಯಾವುವೂ ಇಲ್ಲ. ಅದರದ್ದು ಕರಡಿಯ ಹೊಟ್ಟೆ, ಕರಡಿಯ ಗಿಡ್ಡ ಕರುಳು. ಹುಲಿ, ನಾಯಿ, ಬೆಕ್ಕು ಸೇರಿರುವ ಕಾರ್ನಿವೋರಾ (ಹೆಸರಿನ ಅರ್ಥ ಮಾಂಸ ತಿನ್ನುವವು) ಗಣಕ್ಕೇ ಅದೂ ಸೇರುತ್ತದೆ. ಈ ಗಣ ಕಟ್ಟಿರುವುದು ಯಾರು ಯಾರಿಗೆ ನೆಂಟರು ಅನ್ನುವುದರ ಮೇಲೆ, ಇವತ್ತು ಯಾರು ಏನು ತಿನ್ನುತ್ತಾರೆ ಅನ್ನುವುದರ ಮೇಲಲ್ಲ. 1869ರಲ್ಲಿ ಫ್ರೆಂಚ್ ಪಾದ್ರಿ ಆರ್ಮಾಂಡ್ ಡೇವಿಡ್ ಚೀನಾದ ಸಿಚುವಾನ್‌ನಿಂದ ಪಾಂಡಾವನ್ನು ಹೊರಜಗತ್ತಿಗೆ ಪರಿಚಯಿಸಿದಾಗ ಕರಡಿ ಎಂದೇ ಹೆಸರಿಟ್ಟಿದ್ದರು. ಮರುವರ್ಷವೇ ಪ್ಯಾರಿಸ್‌ನಲ್ಲಿ ಪ್ರಾಣಿವಿಜ್ಞಾನಿ ಮಿಲ್ನ್-ಎಡ್ವರ್ಡ್ಸ್ ಅದರ ಮೂಳೆ, ಹಲ್ಲು ನೋಡಿ ಬೇರೆ ಕುಲಕ್ಕೆ ಹಾಕಿದರು. ಇದು ಕರಡಿಯೋ, ರಕೂನ್ ಅನ್ನುವ ಅಮೆರಿಕದ ಸಣ್ಣ ಪ್ರಾಣಿಯ ಕಡೆಯದೋ ಅನ್ನುವ ಜಗಳ ನೂರು ವರ್ಷಕ್ಕೂ ಮಿಕ್ಕಿ ನಡೆಯಿತು. 1980ರ ದಶಕದಲ್ಲಿ ಜೀನ್‌ಗಳ ಮಟ್ಟದಲ್ಲಿ ಹೋಲಿಸಿದ ಮೇಲೆ ಕರಡಿ ಅನ್ನುವುದು ಗಟ್ಟಿಯಾಯಿತು.

2010ರಲ್ಲಿ ಪಾಂಡಾದ ಪೂರ್ತಿ ಜೀನೋಮ್, ಅಂದರೆ ಎಲ್ಲ ಜೀನ್‌ಗಳ ನಕ್ಷೆ, ಪ್ರಕಟವಾದಾಗ ಇನ್ನೊಂದು ವಿಷಯ ಗೊತ್ತಾಯಿತು. ಮಾಂಸದ ರುಚಿ ಗುರುತಿಸಲು ಬೇಕಾದ ಒಂದು ಜೀನ್ ಪಾಂಡಾದಲ್ಲಿ ಕೆಟ್ಟುಹೋಗಿದೆ. ಬಿದಿರಿನ ನಾರು ಕರಗಿಸುವ ಜೀನ್‌ಗಳೂ ಅದಕ್ಕೆ ಸ್ವಂತದ್ದಿಲ್ಲ. ಎರಡು ದಡದ ನಡುವೆ ನಿಂತ ಪ್ರಾಣಿ ಅಲ್ವಾ? ಹಾಗಂತ "ಮಿಶ್ರಾಹಾರಿ" ಎಂದು ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಅಪರೂಪಕ್ಕೆ ಸತ್ತ ಪ್ರಾಣಿಯ ಮಾಂಸವನ್ನೋ ಇಲಿಯನ್ನೋ ತಿನ್ನುವುದುಂಟು. ಆದರೆ ಅದರ ಹಲ್ಲು, ದವಡೆ, ಕೈ, ದಿನಚರಿ ಎಲ್ಲವೂ ಬಿದಿರಿಗಾಗಿ ತಿದ್ದಿಕೊಂಡಿವೆ. ಬಿದಿರನ್ನೇ ನಂಬಿ ಬದುಕುವ ಕರಡಿ ಎನ್ನುವುದು ನನ್ನ ಉತ್ತರ.

ಮೊಸರನ್ನ, ಬೇಳೆ ಸಾರು ತಿನ್ನುವ ನಮ್ಮ ಜನ ಕೂಡಲೇ ಕೇಳುವುದು ಪ್ರೋಟೀನ್ ಬಗ್ಗೆ. ಇದಕ್ಕೆ 2019ರ ಒಂದು ಅಧ್ಯಯನದಲ್ಲಿ ಸೊಗಸಾದ ಉತ್ತರ ಇದೆ. ಚೀನಾದ ಕ್ವಿನ್‌ಲಿಂಗ್ ಬೆಟ್ಟಗಳ ಪಾಂಡಾಗಳು ತಿಂದದ್ದನ್ನು ಲೆಕ್ಕ ಹಾಕಿದಾಗ, ಅವಕ್ಕೆ ಸಿಗುವ ಶಕ್ತಿಯಲ್ಲಿ ಅರ್ಧದಷ್ಟು ಪ್ರೋಟೀನ್‌ನಿಂದಲೇ ಬರುತ್ತದೆ ಎಂದು ಕಂಡುಬಂತು. ಆ ಪ್ರಮಾಣ ಮಾಂಸ ತಿನ್ನುವ ಪ್ರಾಣಿಗಳಿಗೆ ಹತ್ತಿರದ್ದು. ಬಿದಿರನ್ನು ಅವು ಆರಿಸಿ ತಿನ್ನುವುದೇ ಇದಕ್ಕೆ ಕಾರಣ. ವಸಂತದಲ್ಲಿ ತಗ್ಗಿನ ಕಾಡಿನ ಎಳೆ ಕಳಲೆ. ಅದು ಬಲಿತು ನಾರಾಗುವ ಹೊತ್ತಿಗೆ ಬೆಟ್ಟ ಹತ್ತಿ ಇನ್ನೊಂದು ಜಾತಿಯ ಬಿದಿರಿನ ಕಳಲೆ. ಆಮೇಲೆ ಎಳೆ ಎಲೆ. ನಮ್ಮ ಮಲೆನಾಡು, ಕೊಡಗಿನವರಿಗೆ ಇದನ್ನು ವಿವರಿಸುವುದೇ ಬೇಕಿಲ್ಲ. ಮಳೆಗಾಲದಲ್ಲಿ ಯಾವಾಗ ಕಳಲೆ ಮುರಿಯಬೇಕು, ಎಷ್ಟು ಬಲಿತರೆ ಬಿಡಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು.

ಮೃಗಾಲಯದಲ್ಲೂ ಅಷ್ಟೇ. ಎಲೆ, ಗಳು, ಕಳಲೆ ಮೂರನ್ನೂ ಬೇರೆ ಬೇರೆ ಆಹಾರ ಎಂದೇ ನೋಡಬೇಕು. ಕೊಟ್ಟದ್ದೆಷ್ಟು, ಬಿಟ್ಟದ್ದೆಷ್ಟು, ಲದ್ದಿ ಹೇಗಿತ್ತು ಎಂದು ಪಾಲಕರು ದಿನಾ ಗಮನಿಸುತ್ತಾರೆ. ಜೊತೆಗೆ ನಾರಿನಂಶದ ಬಿಸ್ಕತ್ತು, ಒಂದಿಷ್ಟು ಸೇಬು, ಕ್ಯಾರೆಟ್ ಇರುತ್ತದೆ. ಒಮ್ಮೊಮ್ಮೆ ಪಾಂಡಾ ಊಟ ಬಿಟ್ಟು, ಮುದುರಿ ಮಲಗಿ, ಲದ್ದಿಯ ಜಾಗದಲ್ಲಿ ಲೋಳೆ ಹಾಕುತ್ತದೆ. ಅನುಭವವಿರುವ ಪಾಲಕರು ಆಗ ಗಾಬರಿಯಾಗುವುದಿಲ್ಲ, ಆದರೆ ಕಣ್ಣು ತೆಗೆಯುವುದೂ ಇಲ್ಲ. ಅಂಥ ಹೊತ್ತಲ್ಲಿ "ಆಟ ಆಡಿಸಿ" ಎಂದು ಗಾಜು ಬಡಿಯುವವರಿಗೆ ಕಾರಣ ಹೇಳುವುದು ನನ್ನ ಪಾಲಿನ ಕೆಲಸ. ಆರೋಗ್ಯವಾಗಿದ್ದಾಗಲೂ ಅದು ಶಕ್ತಿಯನ್ನು ತುಂಬಾ ಜೋಪಾನವಾಗಿ ಬಳಸುತ್ತದೆ. ಅದೇ ತೂಕದ ಬೇರೆ ಪ್ರಾಣಿಗಳು ಬಳಸುವ ಶಕ್ತಿಯಲ್ಲಿ ಶೇ 38ರಷ್ಟರಲ್ಲೇ ದಿನ ಕಳೆಯುತ್ತದೆ ಎಂದು 2015ರಲ್ಲಿ ಅಳೆದು ತೋರಿಸಿದ್ದಾರೆ. ಮಲಗಿರುವ ಪಾಂಡಾ ಸೋಮಾರಿಯಲ್ಲ. ಅದರ ಊಟಕ್ಕೆ ತಕ್ಕ ಬದುಕು ಅದು.

ಒಂದೇ ಆಹಾರವನ್ನು ನಂಬಿದರೆ ಅಪಾಯವೂ ಇದೆ. ಬಿದಿರು ಹಲವು ದಶಕಗಳಿಗೊಮ್ಮೆ ಹೂ ಬಿಟ್ಟು, ಇಡೀ ಕಾಡಿಗೆ ಕಾಡೇ ಒಣಗುತ್ತದೆ. 1970ರ ದಶಕದ ನಡುವೆ ಚೀನಾದ ಮಿನ್‌ಶಾನ್ ಬೆಟ್ಟಗಳಲ್ಲಿ ಹಾಗಾದಾಗ ಕನಿಷ್ಠ 138 ಪಾಂಡಾಗಳು ಸತ್ತವು. ಮೊದಲಾದರೆ ಪಕ್ಕದ ಬೆಟ್ಟಕ್ಕೆ ನಡೆದು ಬೇರೆ ಬಿದಿರು ಹುಡುಕಿಕೊಳ್ಳುತ್ತಿದ್ದವು. ನಡುವೆ ಹೊಲ, ರಸ್ತೆ, ಊರು ಬಂದರೆ ಆ ದಾರಿ ಮುಚ್ಚಿತು. ಕಾಡುಗಳನ್ನು ಮತ್ತೆ ಜೋಡಿಸುವ ಕೆಲಸಕ್ಕೆ ಚೀನಾದಲ್ಲಿ ಅಷ್ಟು ಒತ್ತು ಕೊಡುವುದು ಇದಕ್ಕೇ.

ಸಮಯ ಇದ್ದರೆ ಜನರನ್ನು ಕೆಂಪು ಪಾಂಡಾದ ಹತ್ತಿರವೂ ಕರೆದೊಯ್ಯುತ್ತೇನೆ. ನಮ್ಮ ಸಿಕ್ಕಿಂ, ಅರುಣಾಚಲದ ಕಾಡುಗಳಲ್ಲೂ ಇರುವ ಪ್ರಾಣಿ ಅದು. ತಿನ್ನುವುದು ಅದೂ ಬಿದಿರನ್ನೇ, ಹೆಚ್ಚಾಗಿ ಎಲೆ. ಮಣಿಕಟ್ಟಿನಲ್ಲಿ ಅದಕ್ಕೂ ಹೆಬ್ಬೆರಳಿನಂಥ ಮೂಳೆ ಇದೆ. ಆದರೆ ಅದು ಕರಡಿಯಲ್ಲ, ಅದರ ಕುಟುಂಬವೇ ಬೇರೆ. ವಂಶ ಮತ್ತು ಊಟವನ್ನು ಯಾಕೆ ಬೇರೆ ಬೇರೆ ನೋಡಬೇಕು ಅಂತ ಅಲ್ಲಿ ನಾನು ಜಾಸ್ತಿ ಮಾತಾಡಬೇಕಾಗುವುದಿಲ್ಲ.